ಬರಿಗೈಯಲ್ಲಿ ಬರುವ ವೈರಾಣು

ಎರಡು ಅಮಾವಾಸ್ಯೆಗಳ ಹಿಂದೆ ಶ್ರೀಮಠದ ದಾಸೋಹ ಮಂದಿರದ ಪಡಸಾಲೆಯಲ್ಲಿ ನಾವು ಎಂದಿನಂತೆ ರೋಗಿಗಳನ್ನು ನೋಡುತ್ತ ಕುಳಿತಿದ್ದೆವು. ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದಿದ್ದ ತಾಯಿಯೊಬ್ಬರು ತಮ್ಮ ಮಂಡಿನೋವಿಗೆ ತೈಲ ಬರೆಸಿಕೊಂಡ ಮೇಲೂ ಏಳಲಿಲ್ಲ. ಸ್ವಲ್ಪ ತಡೆದು ಕೇಳಿದರು: "ಡಾಕ್ಟ್ರೇ, ನಮ್ಮ ಯಜಮಾನ್ರಿಗೆ ಹೋದ ವರ್ಷ ಸರ್ಪಸುತ್ತು ಆಗಿತ್ತು. ಅದು ವೈರಸ್ಸು ಅಂತ ಹೇಳಿ ಮಾತ್ರೆ ಕೊಟ್ರು, ವಾಸಿಯಾಯ್ತು. ಈಗ ನನ್ನ ತಂಗಿಗೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ. ಅದೂ ವೈರಸ್ಸಿಂದಲೇ ಬರೋದು ಅಂತಾರೆ. ಹಂಗಾದ್ರೆ ಆ ವೈರಸ್ಸನ್ನ ಸಾಯಿಸೋ ಮಾತ್ರೆ ಯಾಕಿಲ್ಲ?"

ಅವರ ಹಿಂದೆ ಸಾಲಿನಲ್ಲಿ ಬಹಳ ಮಂದಿ ಕಾದಿದ್ದರು. "ಎರಡೂ ಬೇರೆ ಬೇರೆ ಜಾತಿಯ ವೈರಾಣುಗಳಮ್ಮ" ಎಂದು ಹೇಳಿ ಕಳುಹಿಸಿದೆವು. ಅವರು ತಲೆಯಾಡಿಸಿ ಹೋದರು. ಆದರೆ ಅದು ಉತ್ತರವಲ್ಲ, ಉತ್ತರ ಕೊಡದೆ ಕಳುಹಿಸುವ ಉಪಾಯ ಎಂಬುದು ನಮಗೆ ಗೊತ್ತಿತ್ತು. ಇಷ್ಟು ನೇರವಾದ, ಇಷ್ಟು ಸರಿಯಾದ ಪ್ರಶ್ನೆಯನ್ನು ನಮ್ಮ ವೃತ್ತಿಜೀವನದಲ್ಲಿ ರೋಗಿಗಳ ಬಾಯಿಂದ ಕೇಳಿದ್ದು ಕಡಿಮೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಆ ತಾಯಿಯ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ. ಉತ್ತರ ಅಡಗಿರುವುದು ಒಂದೇ ವಿಷಯದಲ್ಲಿ: ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಯಾರ ಸಲಕರಣೆಗಳನ್ನು ಬಳಸುತ್ತದೆ, ತನ್ನವೋ, ನಮ್ಮವೋ?

ಮೊದಲು ವೈರಾಣು ಎಂದರೇನೆಂದು ನೋಡೋಣ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಒಂದು ಸಂಪೂರ್ಣ ಜೀವಿ. ಅದಕ್ಕೆ ಸ್ವಂತ ಮನೆಯುಂಟು, ಸ್ವಂತ ಒಲೆಯುಂಟು. ಹಾಲು ಸಿಕ್ಕರೆ ಸಾಕು, ತಾನೇ ಉಂಡು ತಾನೇ ಬೆಳೆಯುತ್ತದೆ. ವೈರಾಣುವಿಗೆ ಮನೆಯೂ ಇಲ್ಲ, ಒಲೆಯೂ ಇಲ್ಲ. ಪ್ರೋಟೀನಿನ ಒಂದು ಸಣ್ಣ ಕರಡಿಗೆ, ಅದರೊಳಗೆ ಮಡಿಸಿಟ್ಟ ಒಂದು ಬರಹ, ಬಹುಮಟ್ಟಿಗೆ ಅಷ್ಟೇ. ಆ ಬರಹ ಕೆಲವು ವೈರಾಣುಗಳಲ್ಲಿ ಡಿಎನ್‌ಎ ರೂಪದಲ್ಲಿರುತ್ತದೆ, ಇನ್ನು ಕೆಲವುಗಳಲ್ಲಿ ಆರ್‌ಎನ್‌ಎ ರೂಪದಲ್ಲಿರುತ್ತದೆ. ಕೊರೋನಾ, ಡೆಂಗಿ, ಚಿಕೂನ್‌ಗುನ್ಯ, 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ, ಇವೆಲ್ಲ ಆರ್‌ಎನ್‌ಎ ಗುಂಪಿನವು. ಅವುಗಳ ದಾರಿಯೇ ಬೇರೆ. ಅದನ್ನು ಮತ್ತೊಮ್ಮೆ ನೋಡೋಣ. ಸರ್ಪಸುತ್ತಿನ ವೈರಾಣು, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಾಣು ಇವೆರಡೂ ಡಿಎನ್‌ಎ ಗುಂಪಿನವು. ಇಂದಿನ ಮಾತು ಅವುಗಳಿಗೆ ಸಂಬಂಧಿಸಿದ್ದು.

ಇಲ್ಲಿ ನಮ್ಮ ಭಾಗದವರಿಗೆ ಸುಲಭವಾಗಿ ತಿಳಿಯುವ ಒಂದು ಹೋಲಿಕೆಯನ್ನು ಕೊಡಬಯಸುತ್ತೇವೆ. ಬೇಲೂರಿನ ಚೆನ್ನಕೇಶವನ ಗುಡಿಯನ್ನು ಎಲ್ಲರೂ ನೋಡಿದ್ದೀರಿ. 1117ರಲ್ಲಿ ಅಲ್ಲಿ ದೇವರ ಪ್ರತಿಷ್ಠೆಯಾಯಿತು. ಬಳಪದ ಕಲ್ಲನ್ನು ಕಡೆದ ಶಿಲ್ಪಿಗಳಲ್ಲಿ ಕೆಲವರು ತಮ್ಮ ಹೆಸರನ್ನು ವಿಗ್ರಹದ ಅಡಿಯಲ್ಲಿ ಕೆತ್ತಿದ್ದಾರೆ; ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಅಂಥ ಒಂದು ಶಿಲ್ಪಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಲ್ಲಿದೆ, ಉಳಿ ಸುತ್ತಿಗೆಗಳಿವೆ, ನುರಿತ ಕೈಗಳಿವೆ, ಎಲ್ಲಕ್ಕೂ ಮೂಲವಾದ ನಕ್ಷೆಯಿದೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಇಂಥ ಒಂದು ಶಾಲೆ. ನಕ್ಷೆಯೆಂದರೆ ಕೋಶಕೇಂದ್ರದಲ್ಲಿರುವ ಡಿಎನ್‌ಎ. ಉಳಿ, ಸುತ್ತಿಗೆ, ಕೈ ಎಲ್ಲವೂ ಪ್ರೋಟೀನುಗಳು. ಒಂದು ರಾತ್ರಿ ಯಾರೋ ಅಪರಿಚಿತನು ಒಳನುಗ್ಗಿ ತನ್ನ ನಕ್ಷೆಯನ್ನು ಶಾಲೆಯ ನಕ್ಷೆಗಳ ನಡುವೆ ಸೇರಿಸಿ ಹೋದರೆ, ಬೆಳಗ್ಗೆ ಬಂದ ಶಿಲ್ಪಿಗಳು ಅದನ್ನೂ ತಮ್ಮದೆಂದೇ ತಿಳಿದು ಕೆತ್ತುತ್ತಾರೆ. ಕಲ್ಲು ನಮ್ಮದು, ಬೆವರು ನಮ್ಮದು, ಮೂರ್ತಿ ಮಾತ್ರ ಅವನದು.

ಡಿಎನ್‌ಎಯ ಪ್ರತಿ ಮಾಡುವ ಕೆಲಸ ಸಾಮಾನ್ಯವಾದುದಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದು ಎರಡೆಳೆಯ ಹುರಿ. ಮೊದಲು ಒಂದು ಪ್ರೋಟೀನು ಹುರಿಯನ್ನು ಬಿಚ್ಚಬೇಕು. ಅದರ ಹೆಸರು ಹೆಲಿಕೇಸ್. ಬಿಚ್ಚಿದಷ್ಟೂ ಮುಂದೆ ಹುರಿ ಸಿಕ್ಕಾಗುತ್ತದೆ. ಸಿಕ್ಕು ಬಿಡಿಸಲು ಇನ್ನೊಂದು. ಬಿಚ್ಚಿದ ಎಳೆಗಳು ಮತ್ತೆ ಕೂಡಿಕೊಳ್ಳದಂತೆ ಹಿಡಿದು ನಿಲ್ಲಲು ಮತ್ತೊಂದು. ಮೊದಲ ಕೆಲವು ಅಕ್ಷರಗಳನ್ನು ಬರೆದು ಓಂಕಾರ ಹಾಕಿಕೊಡಲು ಬೇರೊಂದು. ಅದಾದ ಮೇಲೆ ನಿಜವಾದ ಲಿಪಿಕಾರನ ಸರದಿ. ಅದರ ಹೆಸರು ಪಾಲಿಮರೇಸ್. ಬರೆಯುತ್ತ ಬರೆಯುತ್ತ ಆ ಲಿಪಿಕಾರನು ಜಾರಿ ಬೀಳದಂತೆ ಉಂಗುರದಾಕಾರದ ಒಂದು ಪ್ರೋಟೀನು ಅದನ್ನು ಎಳೆಗೆ ಬಿಗಿದಿಡುತ್ತದೆ. ಕೊನೆಗೆ ತುಂಡು ತುಂಡಾಗಿ ಬರೆದುದನ್ನು ಬೆಸೆಯುವುದು ಲೈಗೇಸ್.

ಈ ಸಲಕರಣೆಗಳೆಲ್ಲ ಸದಾಕಾಲ ಹೊರಗಿರುವುದಿಲ್ಲ ಎಂಬುದನ್ನು ಓದುಗರು ವಿಶೇಷವಾಗಿ ನೆನಪಿಡಬೇಕು. ಜೀವಕೋಶವು ಎರಡಾಗಿ ಒಡೆಯುವ ಕಾಲ ಬಂದಾಗ ಮಾತ್ರ ಅವು ಸಿದ್ಧವಾಗುತ್ತವೆ. ಬೆಳೆದು ತನ್ನ ಕೆಲಸದಲ್ಲಿ ನೆಲೆಗೊಂಡ ಜೀವಕೋಶದಲ್ಲಿ ಆ ಶಾಲೆಗೆ ಬೀಗ ಬಿದ್ದಿರುತ್ತದೆ. ನರಕೋಶಗಳು ಒಡೆಯುವುದೇ ಇಲ್ಲ ಎನ್ನಬಹುದು. ಹಾಗಾದರೆ ಬೀಗ ಹಾಕಿದ ಶಾಲೆಗೆ ಬಂದ ವೈರಾಣು ಏನು ಮಾಡಬೇಕು? ಒಂದೋ ತನ್ನ ಉಳಿಯನ್ನು ತಾನೇ ತರಬೇಕು, ಇಲ್ಲವೇ ಬೀಗವನ್ನು ಒಡೆಯಬೇಕು. ಡಿಎನ್‌ಎ ವೈರಾಣುಗಳ ಸಂಸಾರದಲ್ಲಿ ಈ ಎರಡೂ ಬಗೆಯವು ಇವೆ.

ಎಲ್ಲವನ್ನೂ ಹೊತ್ತು ತರುವುದು ಸಿಡುಬಿನ ಕುಲ. 2022ರಲ್ಲಿ ನಮ್ಮ ದನಕರುಗಳನ್ನು ಕಾಡಿದ ಚರ್ಮಗಂಟು ರೋಗವನ್ನು ರೈತಬಂಧುಗಳು ಮರೆತಿರಲಾರರು. ಆ ವೈರಾಣುವಿನ ಬರಹ ಸುಮಾರು 1,50,000 ಅಕ್ಷರಗಳಷ್ಟು ಉದ್ದ. ಪಾಲಿಮರೇಸ್ ಮೊದಲಾದ ಸಲಕರಣೆಗಳ ನಕ್ಷೆಯೆಲ್ಲ ಅದರಲ್ಲೇ ಇರುವುದರಿಂದ ಅದು ಕೋಶಕೇಂದ್ರದೊಳಗೆ ಕಾಲಿಡುವುದೇ ಇಲ್ಲ. ಹೊರಗಿನ ಅಂಗಳದಲ್ಲೇ ಬಿಡಾರ ಹೂಡಿ ಕೆಲಸ ಮುಗಿಸುತ್ತದೆ. ಪ್ರೋಟೀನು ತಯಾರಿಸುವ ಯಂತ್ರವನ್ನೂ ಶಕ್ತಿಯನ್ನೂ ಮಾತ್ರ ದನದ ಜೀವಕೋಶದಿಂದ ಕಸಿಯುತ್ತದೆ. ಇದರ ದಾಯಾದಿಯಾದ ಮೇಕೆ ಸಿಡುಬಿನ ಲಸಿಕೆಯನ್ನೇ ಆಗ ದನಗಳಿಗೆ ಹಾಕಲಾಯಿತು. ಮನುಷ್ಯರ ಸಿಡುಬು ಇದೇ ಕುಲದ್ದು. ಅದು ಭೂಮಿಯಿಂದ ಅಳಿಯಿತೆಂದು 1980ರಲ್ಲಿ ಘೋಷಿಸಲಾಯಿತು.

ಸರ್ಪಸುತ್ತು: ಅರ್ಧ ಸಲಕರಣೆ ತಂದವನು

ಸರ್ಪಸುತ್ತಿನ ವೈರಾಣು ನಡುವಿನ ದಾರಿಯದು. ಚಿಕ್ಕಂದಿನಲ್ಲಿ ಅಮ್ಮನಾಗಿ, ಅಂದರೆ ಸೀತಾಳೆ ಸಿಡುಬಾಗಿ ಬಂದು ಹೋದದ್ದು ಇದೇ. ಹೆಸರಿನಲ್ಲಿ ಸಿಡುಬು ಇದ್ದರೂ ಕುಲ ಬೇರೆ. ಬೇವಿನ ಸೊಪ್ಪಿನ ಸ್ನಾನವಾಗಿ ಮಗು ಗುಣವಾಯಿತೆಂದು ನಾವು ಮರೆಯುತ್ತೇವೆ, ಆದರೆ ವೈರಾಣು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅದರ ಡಿಎನ್‌ಎ ಸುರುಳಿ ಸುತ್ತಿಕೊಂಡು ನಿದ್ರಿಸುತ್ತದೆ. ನಲವತ್ತು, ಐವತ್ತು ವರ್ಷ ಹೀಗೆ ಕಳೆಯಬಹುದು. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಯಾವುದೋ ಒಂದು ನರಗಂಟಿನಲ್ಲಿ ಎಚ್ಚೆತ್ತು, ಆ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ನರಕ್ಕೆ ತನ್ನ ಎಲ್ಲೆಯಿದೆ. ದೇಹದ ಎಡಭಾಗದ ನರ ಬಲಭಾಗಕ್ಕೆ ಹೋಗುವುದಿಲ್ಲ. ಸರ್ಪಸುತ್ತು ಬೆನ್ನಿನಿಂದ ಹೊರಟು ಎದೆಯ ಅಥವಾ ಹೊಟ್ಟೆಯ ಮಧ್ಯರೇಖೆಯ ಬಳಿ ನಿಲ್ಲುವುದು ಇದರಿಂದಲೇ. ಹಾವಿನ ತಲೆಯೂ ಬಾಲವೂ ಕೂಡಿದರೆ ಸಾವು ಎಂದು ಹೆದರಿ ಬರುವವರು ಇಂದಿಗೂ ಇದ್ದಾರೆ. ಅದು ಕೂಡುವುದೂ ಇಲ್ಲ, ಕೂಡಿದರೆ ಸಾವೂ ಅಲ್ಲ.

ಈ ವೈರಾಣುವಿನ ಬರಹ ಸುಮಾರು 1,25,000 ಅಕ್ಷರಗಳದ್ದು. ಅದು ನಮ್ಮ ಕೋಶಕೇಂದ್ರವನ್ನು ಹೊಕ್ಕು, ತನ್ನ ಬರಹವನ್ನು ಓದಿಸಿಕೊಳ್ಳಲು ನಮ್ಮ ಪ್ರೋಟೀನುಗಳನ್ನೇ ದುಡಿಸಿಕೊಳ್ಳುತ್ತದೆ. ಆದರೆ ಪ್ರತಿ ಮಾಡುವ ಲಿಪಿಕಾರ, ಪಾಲಿಮರೇಸ್, ಮಾತ್ರ ಅದರದೇ. ಅಕ್ಷರಗಳನ್ನು ಹದಗೊಳಿಸುವ ಥೈಮಿಡಿನ್ ಕೈನೇಸ್ ಎಂಬ ಕಿಣ್ವವೂ ಅದರದೇ. ಬೀಗ ಹಾಕಿದ ನರಕೋಶದಲ್ಲಿ ಕೆಲಸ ಮಾಡಬೇಕಾದ ಅದಕ್ಕೆ ಈ ಸ್ವಂತ ಸಲಕರಣೆಗಳು ಅನಿವಾರ್ಯ. ಅದರ ಸೋಲಿಗೂ ಅವೇ ಕಾರಣವಾದವು.

ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ತಂಡ 1970ರ ದಶಕದಲ್ಲಿ ಅಮೆರಿಕದಲ್ಲಿ ಅಭ್ಯಸಿಸಿದ ಅಸೈಕ್ಲೊವಿರ್ ಎಂಬ ಔಷಧವು ಡಿಎನ್‌ಎಯ ಅಕ್ಷರವೊಂದರ ವೇಷ ಹಾಕಿದ ಪದಾರ್ಥ. ಇದು ಎಲ್ಲ ಜೀವಕೋಶಗಳೊಳಗೂ ಹೋಗುತ್ತದೆ, ಆದರೆ ಆರೋಗ್ಯವಂತ ಕೋಶದಲ್ಲಿ ಸುಮ್ಮನೆ ಬಿದ್ದಿರುತ್ತದೆ. ವೈರಾಣುವಿರುವ ಕೋಶದಲ್ಲಿ ವೈರಾಣುವಿನದೇ ಕೈನೇಸ್ ಅದನ್ನು ಅಕ್ಷರವೆಂದು ಭ್ರಮಿಸಿ ಮೊದಲ ಸಂಸ್ಕಾರ ಕೊಡುತ್ತದೆ. ಮುಂದಿನ ಎರಡು ಸಂಸ್ಕಾರಗಳನ್ನು ಮಾಡುವುದು ನಮ್ಮ ಜೀವಕೋಶದ ಕಿಣ್ವಗಳು. ಹೀಗೆ ಹದಗೊಂಡ ಹುಸಿ ಅಕ್ಷರವನ್ನು ವೈರಾಣುವಿನ ಲಿಪಿಕಾರ ಎತ್ತಿ ಸಾಲಿನಲ್ಲಿ ಬರೆಯುತ್ತದೆ. ಮುಂದಿನ ಅಕ್ಷರವನ್ನು ಹಿಡಿಯಬೇಕಾದ ಕೊಂಡಿ ಅದರಲ್ಲಿಲ್ಲದ ಕಾರಣ ಸಾಲು ಅಲ್ಲಿಗೇ ನಿಲ್ಲುತ್ತದೆ. ಕಳ್ಳನು ತಂದ ಉಳಿಯೇ ಕಳ್ಳನನ್ನು ಹಿಡಿದುಕೊಟ್ಟಂತಾಯಿತು. ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನಿದ್ರಿಸುತ್ತಿರುವ ವೈರಾಣುವಿಗೆ ಮಾತ್ರ ಈ ಔಷಧ ನಾಟುವುದಿಲ್ಲ, ಏಕೆಂದರೆ ಆಗ ಅದರ ಸಲಕರಣೆಗಳಾವುವೂ ಹೊರಗಿರುವುದಿಲ್ಲ. ಬರೆಯುತ್ತಿರುವ ಕೈಯನ್ನಷ್ಟೇ ಅದು ಹಿಡಿಯಬಲ್ಲುದು. ಆ ಬರವಣಿಗೆ ಅತಿ ಬಿರುಸಾಗಿರುವುದು ಬೊಬ್ಬೆ ಎದ್ದ ಮೊದಲ ಮೂರು ದಿನಗಳಲ್ಲಿ. ಆದುದರಿಂದಲೇ 72 ಗಂಟೆಗಳೊಳಗೆ ಔಷಧ ಆರಂಭಿಸಬೇಕೆಂದು ಹೇಳುವುದು.

ಈ ಮೂರು ದಿನಗಳ ಬೆಲೆಯನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಕೊಬ್ಬರಿ ವ್ಯಾಪಾರದ ಹಿರಿಯರೊಬ್ಬರು ಹಣೆಯ ಒಂದು ಪಕ್ಕದಲ್ಲಿ ಉರಿ ಬೊಬ್ಬೆಗಳೊಡನೆ ನಮ್ಮಲ್ಲಿಗೆ ಬಂದರು. ಮೂಗಿನ ತುದಿಯಲ್ಲಿಯೂ ಎರಡು ಬೊಬ್ಬೆಗಳಿದ್ದವು. ನಾವು ಓದಿದ್ದ ವಿಸರ್ಪ ಚಿಕಿತ್ಸೆಯಂತೆ ಲೇಪ ಕೊಟ್ಟೆವು, ಕಷಾಯ ಕೊಟ್ಟೆವು. ಮನೆಯವರು ಆಗಲೇ ಜಾಜು ಬಳಿದಿದ್ದರು. ಉರಿ ತಗ್ಗಿತು, ನಮಗೂ ಸಮಾಧಾನವಾಯಿತು. ಆರನೆಯ ದಿನ ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ಬಂದಾಗ ಹಾಸನಕ್ಕೆ ಕಳುಹಿಸಿದೆವು. ತಡವಾಗಿತ್ತು. ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಮೂಗಿನ ತುದಿಗೆ ಹೋಗುವ ನರವೂ ಕಣ್ಣಿನೊಳಗೆ ಹೋಗುವ ನರವೂ ಒಂದೇ ಕೊಂಬೆಯವು. ಮೂಗಿನ ತುದಿಯಲ್ಲಿ ಬೊಬ್ಬೆ ಕಂಡರೆ ಕಣ್ಣಿಗೆ ಅಪಾಯವಿದೆಯೆಂದೇ ತಿಳಿಯಬೇಕು. ಅಂದು ನಮಗೆ ಅದು ಹೊಳೆಯಲಿಲ್ಲ. ಆ ಹಿರಿಯರು ಮುಂದೆ ಇಪ್ಪತ್ತು ವರ್ಷ ಬದುಕಿದ್ದರು, ಎದುರಾದಾಗಲೆಲ್ಲ ಕೈಮುಗಿಯುತ್ತಿದ್ದರು, ಒಂದು ದಿನವೂ ನಮ್ಮನ್ನು ಏನೂ ಅನ್ನಲಿಲ್ಲ. ಅಂದಿನಿಂದ ಸರ್ಪಸುತ್ತು ಎಂದು ಬಂದವರನ್ನು ಅದೇ ದಿನ ಅಲೋಪತಿ ವೈದ್ಯರಲ್ಲಿಗೆ ಕಳುಹಿಸುತ್ತೇವೆ. ಮುಖದ ಮೇಲೆ ಎದ್ದಿದ್ದರೆ ನೇತ್ರವೈದ್ಯರಲ್ಲಿಗೆ, ಮೂರು ದಿನ ಕಳೆದಿದ್ದರೂ ಸರಿಯೇ. ಲೇಪ ಬೇಕೆಂದು ಬಯಸುವವರು ಆಮೇಲೆ ಬರಲಿ. ಮೂತ್ರಪಿಂಡದ ತೊಂದರೆಯಿರುವವರಿಗೆ ಮಾತ್ರೆಯ ಪ್ರಮಾಣ ಬೇರೆಯಾಗುವುದರಿಂದ ಅಂಗಡಿಯಿಂದ ನೀವೇ ತಂದು ನುಂಗುವುದು ಸಲ್ಲದು.

ಬೀಗ ಒಡೆಯುವ ವೈರಾಣು

ಇನ್ನು ಆ ತಾಯಿಯ ತಂಗಿಯ ವಿಷಯ. ಗರ್ಭಕಂಠದ ಕ್ಯಾನ್ಸರಿನ ಮೂಲದಲ್ಲಿರುವುದು ಹ್ಯೂಮನ್ ಪ್ಯಾಪಿಲೋಮಾ ವೈರಾಣು, ಚಿಕ್ಕದಾಗಿ ಎಚ್‌ಪಿವಿ. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಮಕ್ಕಳ ಕೈಮೇಲೆ ಏಳುವ ನರಹುಲಿ ಈ ಗುಂಪಿನದೇ ಕೆಲಸ, ಅದು ನಿರಪಾಯಿ. ಕ್ಯಾನ್ಸರಿಗೆ ದಾರಿ ಮಾಡುವ ಬಗೆಗಳು ಹದಿನಾಲ್ಕರಷ್ಟು. ಅವುಗಳಲ್ಲಿ 16 ಮತ್ತು 18ನೆಯ ಸಂಖ್ಯೆಯವು ಎರಡೇ ಸೇರಿ ಜಗತ್ತಿನ ಗರ್ಭಕಂಠ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಕಾರಣ. 1983ರಲ್ಲಿ 16ನೆಯದನ್ನೂ ಮರುವರ್ಷ 18ನೆಯದನ್ನೂ ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ 2008ರಲ್ಲಿ ನೊಬೆಲ್ ಪಡೆದರು.

ಇದರ ಬರಹ ಬರಿಯ 8,000 ಅಕ್ಷರಗಳದ್ದು. ಇಷ್ಟು ಸಣ್ಣ ಚೀಟಿಯಲ್ಲಿ ಪಾಲಿಮರೇಸಿನಂಥ ದೊಡ್ಡ ಸಲಕರಣೆಯ ನಕ್ಷೆಗೆ ಜಾಗವೆಲ್ಲಿ? ಹುರಿ ಬಿಚ್ಚುವ ಹೆಲಿಕೇಸ್ ಒಂದನ್ನು ಮಾತ್ರ ಅದು ಸ್ವಂತವಾಗಿ ಮಾಡಿಸಿಕೊಳ್ಳುತ್ತದೆ. ಅದಕ್ಕೆ ಇ1 ಎಂದು ಹೆಸರು. ಅದನ್ನು ಸರಿಯಾದ ಜಾಗದಲ್ಲಿ ಕೂರಿಸಲು ಇ2 ಎಂಬ ಮೇಸ್ತ್ರಿ. ಈ ಇಬ್ಬರು ನಿಂತು ನಮ್ಮ ಪ್ರೋಟೀನುಗಳನ್ನು ಒಂದೊಂದಾಗಿ ಕರೆಯುತ್ತಾರೆ. ಓಂಕಾರ ಹಾಕುವುದು ನಮ್ಮದು, ಲಿಪಿಕಾರ ನಮ್ಮದು, ಉಂಗುರ ನಮ್ಮದು, ಸಿಕ್ಕು ಬಿಡಿಸುವುದು ನಮ್ಮದು, ಬೆಸೆಯುವುದೂ ನಮ್ಮದೇ.

ಆದರೆ ಶಾಲೆಗೆ ಬೀಗವಿದೆಯಲ್ಲ? ಗರ್ಭಕಂಠದ ಒಳಚರ್ಮ ಪದರ ಪದರವಾಗಿರುತ್ತದೆ. ತಳಪದರದ ಕೋಶಗಳು ಮಾತ್ರ ಒಡೆಯುತ್ತವೆ. ಮೇಲೇರುತ್ತ ಹೋದಂತೆ ಅವು ಒಡೆಯುವುದನ್ನು ನಿಲ್ಲಿಸಿ, ಚಪ್ಪಟೆಯಾಗಿ, ಉದುರಿಹೋಗುತ್ತವೆ. ಕಣ್ಣಿಗೆ ಕಾಣದ ಗೀರಿನ ಮೂಲಕ ವೈರಾಣು ತಳಪದರಕ್ಕೆ ಇಳಿದು ಕೆಲವೇ ಪ್ರತಿಗಳಾಗಿ ಅಲ್ಲಿ ಕಾದಿರುತ್ತದೆ. ಅದು ಸಾವಿರಗಟ್ಟಲೆ ಪ್ರತಿಗಳಾಗಬೇಕಾದುದು ಮೇಲಿನ ಪದರಗಳಲ್ಲಿ, ಅಂದರೆ ಬೀಗ ಬಿದ್ದಿರುವಲ್ಲಿ. ಅದಕ್ಕಾಗಿ ಅದು ಎರಡು ಪ್ರೋಟೀನುಗಳನ್ನು ಕಳುಹಿಸುತ್ತದೆ. ಕೋಶ ಒಡೆಯದಂತೆ ತಡೆಹಿಡಿದಿರುವ ಆರ್‌ಬಿ ಎಂಬ ನಮ್ಮ ಕಾವಲುಗಾರ ಪ್ರೋಟೀನನ್ನು ಇ7 ಎಂಬುದು ಅಪ್ಪಿ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಬೀಗ ತೆರೆಯಿತು, ಸಲಕರಣೆಗಳೆಲ್ಲ ಹೊರಬಂದವು. ಹೊತ್ತಲ್ಲದ ಹೊತ್ತಿನಲ್ಲಿ ಶಾಲೆ ತೆರೆದಿರುವುದನ್ನು ಕಂಡು ಇನ್ನೊಬ್ಬ ಕಾವಲುಗಾರ ಎಚ್ಚರಗೊಳ್ಳುತ್ತಾನೆ. ಪಿ53 ಎಂದು ಅವನ ಹೆಸರು. ಕೆಟ್ಟ ಕೋಶವನ್ನು ಆತ್ಮಾಹುತಿಗೆ ಒಪ್ಪಿಸಿ ದೇಹವನ್ನು ಉಳಿಸುವುದು ಅವನ ಧರ್ಮ. ಅವನನ್ನು ಇ6 ಎಂಬುದು ಹಿಡಿಯುತ್ತದೆ. ಹಿಡಿದು ತಾನೇ ಕೊಲ್ಲುವುದೂ ಇಲ್ಲ. ಹಳೆಯ ಪ್ರೋಟೀನುಗಳನ್ನು ಗುರುತು ಹಾಕಿ ಕಸಕ್ಕೆ ಕಳುಹಿಸುವ ನಮ್ಮದೇ ಒಂದು ಪ್ರೋಟೀನನ್ನು ಕರೆಸಿ ಪಿ53ಗೆ ಕಸದ ಗುರುತು ಹಾಕಿಸುತ್ತದೆ. ನಮ್ಮ ಜೀವಕೋಶದ ಕಸದ ಯಂತ್ರವೇ ನಮ್ಮ ಕಾವಲುಗಾರನನ್ನು ಅರೆದುಬಿಡುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸರ್ಪಸುತ್ತಿನ ವೈರಾಣುವಿನ ಕೈಯಲ್ಲಿ ಅದರದೇ ಉಳಿಯಿತ್ತು. ಔಷಧ ಆ ಉಳಿಯನ್ನು ಹಿಡಿಯಿತು. ಎಚ್‌ಪಿವಿಯ ಕೈಯಲ್ಲಿರುವುದೆಲ್ಲ ನಮ್ಮ ಉಳಿಗಳು. ನಮ್ಮ ಪಾಲಿಮರೇಸನ್ನು ತಡೆಯುವ ಔಷಧ ಕೊಟ್ಟರೆ ರಕ್ತ ಹುಟ್ಟುವ ಮಜ್ಜೆ, ಕರುಳಿನ ಒಳಪದರ, ಕೂದಲಿನ ಬುಡ, ಎಲ್ಲೆಲ್ಲಿ ಕೋಶಗಳು ಒಡೆಯಬೇಕೋ ಅಲ್ಲೆಲ್ಲ ಕೆಲಸ ನಿಲ್ಲುತ್ತದೆ. ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿಯ ಸಂಕಟ ಬಹುಪಾಲು ಇಂಥದೇ. ಆದುದರಿಂದ ದೇಹದಲ್ಲಿ ಸದ್ದಿಲ್ಲದೆ ಕುಳಿತಿರುವ ಎಚ್‌ಪಿವಿಯನ್ನು ಮಾತ್ರ ಆರಿಸಿ ಕೊಲ್ಲುವ ಮಾತ್ರೆ ಇಂದಿಗೂ ಬಳಕೆಯಲ್ಲಿಲ್ಲ.

ಕ್ಯಾನ್ಸರ್ ಆಗುವುದು ಈ ವೈರಾಣುವಿನ ಉದ್ದೇಶವೂ ಅಲ್ಲ. ಮೇಲ್ಪದರದಲ್ಲಿ ಪ್ರತಿಗಳಾಗಿ, ಉದುರುವ ಕೋಶದೊಡನೆ ಹೊರಬಿದ್ದರೆ ಅದರ ಬಾಳು ಸಾರ್ಥಕ. ಎಲ್ಲೋ ಒಮ್ಮೆ ಅದರ ಡಿಎನ್‌ಎ ತುಂಡಾಗಿ ನಮ್ಮ ಡಿಎನ್‌ಎಯೊಳಗೆ ಸೇರಿಬಿಡುತ್ತದೆ. ಹಾಗೆ ಸೇರುವಾಗ ಮೇಸ್ತ್ರಿ ಇ2 ಮುರಿದುಹೋದರೆ ಇ6, ಇ7ಗಳಿಗೆ ಕಡಿವಾಣ ತಪ್ಪುತ್ತದೆ. ಕೋಶ ಒಡೆಯುತ್ತ ಹೋಗುತ್ತದೆ, ತಪ್ಪುಗಳು ಕೂಡುತ್ತ ಹೋಗುತ್ತವೆ, ಕಾವಲುಗಾರನಿಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಇದೇ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ತಾಯಿಯ ಜೀವಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಒಡೆಯುತ್ತಲೇ ಇವೆ. ಅವುಗಳಲ್ಲಿರುವುದು 18ನೆಯ ಬಗೆಯ ವೈರಾಣುವಿನ ತುಂಡು. ಅದರ ಇ6, ಇ7ಗಳನ್ನು ಅಡಗಿಸಿದರೆ ಆ ಕೋಶಗಳ ಬೆಳವಣಿಗೆ ನಿಲ್ಲುತ್ತದೆ.

ಹದಿನೈದು ವರ್ಷಗಳ ಅವಕಾಶ

ಸರ್ಪಸುತ್ತಿನಲ್ಲಿ ನಮಗಿರುವುದು ಮೂರು ದಿನ. ಇಲ್ಲಿ ಸಾಮಾನ್ಯವಾಗಿ 15ರಿಂದ 20 ವರ್ಷಗಳಿವೆ. ಸೋಂಕು ತಗುಲಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ದೇಹ ಎರಡು ವರ್ಷದೊಳಗೆ ತಾನೇ ವೈರಾಣುವನ್ನು ಹತ್ತಿಕ್ಕುತ್ತದೆ. ಉಳಿದವರಲ್ಲಿ ಅದು ಬೇರೂರಿ, ಕೋಶಗಳು ಮೆಲ್ಲಗೆ ರೂಪ ಕೆಟ್ಟು, ಕ್ಯಾನ್ಸರಿನ ಮೆಟ್ಟಿಲೇರಲು ಅಷ್ಟು ಕಾಲ ಹಿಡಿಯುತ್ತದೆ. ರೋಗವು ಸಂಚಯದಿಂದ ಭೇದದವರೆಗೆ ಆರು ಹಂತಗಳಲ್ಲಿ ಬೆಳೆಯುತ್ತದೆ, ಮೊದಲ ಹಂತಗಳಲ್ಲೇ ತಡೆಯಬೇಕೆಂದು ಸುಶ್ರುತರು ಹೇಳಿದ ಕ್ರಿಯಾಕಾಲವನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ. ಆದರೂ 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1,27,000 ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಕಾಣಿಸಿಕೊಂಡಿತು, ಸುಮಾರು 80,000 ಮಂದಿ ತೀರಿಕೊಂಡರು. ಹದಿನೈದು ವರ್ಷ ಸಮಯವಿದ್ದ ರೋಗವಿದು.

ಆ ಸಮಯದಲ್ಲಿ ಮಾಡಬೇಕಾದ ಪರೀಕ್ಷೆ ಬಹಳ ಸರಳ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು, ಎಂದರೆ ವಿನಿಗರಿನಂಥದೇ ದ್ರವವನ್ನು, ಹಚ್ಚಿ ಒಂದು ನಿಮಿಷ ಕಾದು ಬರಿಗಣ್ಣಿನಿಂದ ನೋಡುತ್ತಾರೆ. ರೂಪ ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ನೋವಿಲ್ಲ, ಕೊಯ್ಯುವುದಿಲ್ಲ. 30ರಿಂದ 65 ವಯಸ್ಸಿನ ಹೆಣ್ಣುಮಕ್ಕಳು ಐದು ವರ್ಷಕ್ಕೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಎಲ್ಲಿ, ಯಾವ ದಿನ ಮಾಡುತ್ತಾರೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿರಿ. ಮುಟ್ಟು ನಿಂತವರಲ್ಲಿ ಆ ಭಾಗ ಒಳಸರಿದಿರುವುದರಿಂದ ಪ್ಯಾಪ್ ಪರೀಕ್ಷೆಯೋ ಎಚ್‌ಪಿವಿ ಪರೀಕ್ಷೆಯೋ ಬೇಕಾಗಬಹುದು. ಅದನ್ನು ವೈದ್ಯರೇ ನಿರ್ಧರಿಸುತ್ತಾರೆ. ಬಿಳಿಯ ಗುರುತು ಕಂಡು, ಅದು ಕ್ಯಾನ್ಸರಿನ ಮೊದಲಿನ ಹಂತವೆಂದು ಖಚಿತವಾದರೆ, ಅಷ್ಟು ಜಾಗವನ್ನು ಶೀತದಿಂದಲೋ ಶಾಖದಿಂದಲೋ ಸುಟ್ಟುಬಿಟ್ಟರೆ ಸಾಮಾನ್ಯವಾಗಿ ಮುಗಿಯಿತು. ಗರ್ಭಕೋಶ ತೆಗೆಯಬೇಕಾದ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ.

ನಮ್ಮ ವೃತ್ತಿಬಂಧುಗಳಿಗೂ ಇಲ್ಲೊಂದು ಮಾತು. ಬಿಳಿಸೆರಗು ಎಂದು ಬಂದ ಹೆಣ್ಣುಮಕ್ಕಳಿಗೆ ಅಶೋಕಾರಿಷ್ಟ ಬರೆದು ಕಳುಹಿಸುವ ರೂಢಿ ನಮ್ಮಲ್ಲಿದೆ, ನಾವೂ ಬರೆದಿದ್ದೇವೆ. ಬರೆಯುವುದು ತಪ್ಪಲ್ಲ, ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಬರೆಯುವುದು ತಪ್ಪು. ದುರ್ವಾಸನೆಯ ಸ್ರಾವ, ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಇವುಗಳಲ್ಲಿ ಯಾವುದಿದ್ದರೂ ಅರಿಷ್ಟದ ಬಾಟಲಿಯನ್ನು ಬದಿಗಿಟ್ಟು ತಜ್ಞರಲ್ಲಿಗೆ ಕಳುಹಿಸಬೇಕು. ಕೆಲವು ಮೂಲಿಕೆಗಳು ಎಚ್‌ಪಿವಿಯನ್ನು ಓಡಿಸುತ್ತವೆಂದು ಹೇಳುವವರೂ ಇದ್ದಾರೆ. ಹತ್ತಕ್ಕೆ ಒಂಬತ್ತು ಸೋಂಕು ತಾನಾಗಿ ಅಡಗುವಾಗ ಯಾವ ಕಷಾಯ ಕೊಟ್ಟವರೂ ಹತ್ತಕ್ಕೆ ಒಂಬತ್ತು ಗೆದ್ದೆವೆಂದು ಹೇಳಿಕೊಳ್ಳಬಹುದು. ನರಹುಲಿಗೆ ಉಪ್ಪು ಮೆಣಸಿನ ಹರಕೆ ಫಲಿಸುವುದೂ ಹೀಗೆಯೇ. ಚರಕರು ರಕ್ತದಲ್ಲಿರುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕ್ರಿಮಿಗಳ ಮಾತು ಹೇಳಿರುವುದು ನಿಜ. ಅದನ್ನೇ ಹಿಡಿದು ವೈರಾಣು ನಮಗೆ ಮೊದಲೇ ಗೊತ್ತಿತ್ತು ಎನ್ನುವುದು ಚರಕರಿಗೂ ಗೌರವವಲ್ಲ.

ಈ ಸೋಂಕು ಹರಡುವುದು ದೇಹಸಂಪರ್ಕದಿಂದ. ಇದನ್ನು ಹೇಳಿದ ಕೂಡಲೇ ಮನೆಯಲ್ಲಿ ಪಿಸುಮಾತು ಏಳುತ್ತದೆ, ಹೆಣ್ಣಿನ ನಡತೆಯ ಮೇಲೆ ಕಣ್ಣು ಬೀಳುತ್ತದೆ. ಆ ಭಯದಿಂದಲೇ ಎಷ್ಟೋ ತಾಯಂದಿರು ಪರೀಕ್ಷೆಗೆ ಬರುವುದಿಲ್ಲ, ಬಂದ ರೋಗವನ್ನೂ ಮುಚ್ಚಿಡುತ್ತಾರೆ. ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟು: ಸಂಸಾರಿಗಳಾದ ಬಹುತೇಕ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಈ ವೈರಾಣು ತಗುಲಿಯೇ ಇರುತ್ತದೆ. ಅದು ವರ್ಷಗಟ್ಟಲೆ ಅಡಗಿರಬಲ್ಲುದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಗಂಡ ಹೆಂಡತಿಯನ್ನಾಗಲಿ, ಅತ್ತೆ ಸೊಸೆಯನ್ನಾಗಲಿ ಇದರ ಹೆಸರಿನಲ್ಲಿ ದೂಷಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಲಸಿಕೆಯ ವಿಷಯವನ್ನು ಹೇಳದೆ ಮುಗಿಸುವಂತಿಲ್ಲ. ವೈರಾಣುವಿನ ಹೊರಕವಚದ ಪ್ರೋಟೀನನ್ನು ಬೇರೆಯಾಗಿ ತಯಾರಿಸಿದರೆ ಅದು ತಾನೇ ಕೂಡಿಕೊಂಡು ಪುಟ್ಟ ಕರಡಿಗೆಯಾಗುತ್ತದೆ. ಒಳಗೆ ಬರಹವಿಲ್ಲ, ಡಿಎನ್‌ಎ ಇಲ್ಲ. ನಕ್ಷೆಯೇ ಇಲ್ಲದ ಖಾಲಿ ಕರಡಿಗೆ. ಆದುದರಿಂದ ಲಸಿಕೆಯಿಂದ ಸೋಂಕು ಬರುವ ಸಂಭವವೇ ಇಲ್ಲ. ಆ ಕರಡಿಗೆಯನ್ನು ನೋಡಿ ದೇಹ ಪ್ರತಿಕಾಯಗಳನ್ನು ಕಟ್ಟಿಕೊಂಡಿರುತ್ತದೆ. ಮುಂದೆ ನಿಜವಾದ ವೈರಾಣು ಬಂದಾಗ ಜೀವಕೋಶದ ಬಾಗಿಲಲ್ಲೇ ಅದನ್ನು ತಡೆಯುತ್ತದೆ. ಒಳಹೊಕ್ಕ ಮೇಲೆ ಇದರಿಂದ ಪ್ರಯೋಜನವಿಲ್ಲ, ಆದುದರಿಂದಲೇ ಚಿಕ್ಕ ವಯಸ್ಸಿನಲ್ಲಿ, 9ರಿಂದ 14ರೊಳಗೆ, ಕೊಡುವುದು ಉತ್ತಮ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಈ ವಯಸ್ಸಿನವರಿಗೆ ಒಂದು ಅಥವಾ ಎರಡು ಡೋಸು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೇಳಿತು. ಮಗಳಿಗೆ ಮುಂದೆ ಮಕ್ಕಳಾಗದೆ ಹೋದೀತೇ ಎಂದು ತಾಯಂದಿರು ಕೇಳುತ್ತಾರೆ. ಹಾಗಾಗುವುದಿಲ್ಲ. ಲಸಿಕೆ ಪಡೆದವರೂ 30 ದಾಟಿದ ಮೇಲೆ ಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ಈ ಲೇಖನ ಬರೆಯುವ ಹೊತ್ತಿಗೆ ಮತ್ತೊಂದು ಅಮಾವಾಸ್ಯೆ ಕಳೆದಿದೆ. ಆ ತಾಯಿ ಮತ್ತೆ ಬಂದಿದ್ದರು. ತಂಗಿಗೆ ಬೆಂಗಳೂರಿನಲ್ಲಿ ವಿಕಿರಣ ಚಿಕಿತ್ಸೆ ನಡೆಯುತ್ತಿದೆಯೆಂದೂ ಊಟ ಸೇರುತ್ತಿಲ್ಲವೆಂದೂ ಹೇಳಿದರು. ಜೊತೆಯಲ್ಲಿ ಸೊಸೆಯನ್ನೂ ಹನ್ನೊಂದು ವರ್ಷದ ಮೊಮ್ಮಗಳನ್ನೂ ಕರೆತಂದಿದ್ದರು. ನಾವು ಇಲ್ಲಿ ಬರೆದುದನ್ನೇ ಅವರ ಮಾತಿನಲ್ಲಿ ವಿವರಿಸಿದೆವು. ಸೊಸೆ ಪರೀಕ್ಷೆಗೆ ಒಪ್ಪಿಕೊಂಡಳು. "ನೀವೂ ಮಾಡಿಸಿಕೊಳ್ಳಿ ತಾಯಿ" ಎಂದೆವು. "ನನಗ್ಯಾಕೆ ಡಾಕ್ಟ್ರೇ, ಐವತ್ತೆಂಟಾಯ್ತು, ಮುಟ್ಟು ನಿಂತು ಎಂಟು ವರ್ಷ ಆಯ್ತು" ಎಂದರು. ಅರವತ್ತೈದರವರೆಗೂ ಬೇಕೆಂದು ಹೇಳಿ, ಇಬ್ಬರ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಟ್ಟೆವು. ಪ್ರಸಾದ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮೂವರೂ ಹೊರಟರು.